ಅಟ್ಟದ ರೇಡಿಯೊ ಮತ್ತು 455 ಎಂಬ ಸಂಖ್ಯೆ

ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳಿಗೂ ಹಳೆಯ ಕಂಬಳಿಗಳ ಗಂಟಿಗೂ ನಡುವೆ, ಬಹಳ ವರ್ಷಗಳಿಂದ ಒಂದು ರಟ್ಟಿನ ಪೆಟ್ಟಿಗೆ ಕುಳಿತಿತ್ತು. ಅಪ್ಪನ ಕಾಲದ ಎರಡು ಟ್ರಾನ್ಸಿಸ್ಟರ್ ರೇಡಿಯೊಗಳು, ಕೆಟ್ಟು ನಿಂತ ಒಂದು ಡಿವಿಡಿ ಪ್ಲೇಯರ್, ಯಾವ ಟಿವಿಗೆ ಸೇರಿದವೆಂದು ಯಾರಿಗೂ ನೆನಪಿಲ್ಲದ ಮೂರು ರಿಮೋಟುಗಳು, ಫೋನುಗಳು ಹೋದ ಮೇಲೂ ಉಳಿದುಕೊಂಡ ನಾಲ್ಕೈದು ಚಾರ್ಜರುಗಳು ಅದರಲ್ಲಿದ್ದವು. ನಾನು ಲೆಕ್ಕ ಬರೆಯುವ ಸೊಸೈಟಿಯಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಗುಜರಿಗೆ ಹಾಕುವಾಗ ಅದನ್ನೂ ತೂಕದ ಬೆಲೆಗೆ ಕೊಂಡು ತಂದು ಆ ಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದೆ. ಇದು ಏಕೆ ಎಂದು ಮನೆಯಲ್ಲಿ ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳು ದಸರಾ ರಜೆಗೆ ಶಿರಸಿಗೆ ಬಂದು, ಮಳೆ ಬಿಡದ ಒಂದು ಮಧ್ಯಾಹ್ನ ಅಟ್ಟ ಹತ್ತಿದ ಮೇಲೆ.

ನಾನು ಓದಿದ್ದು ಬಿ.ಕಾಂ. ಎಲೆಕ್ಟ್ರಾನಿಕ್ಸನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಒಬ್ಬ ಕಲಿಯುವವನು ತನ್ನಂಥ ಇನ್ನೊಬ್ಬರಿಗೆ ಹೇಳುವ ಮಾತು. ಹುಡುಗಿಗೆ ಅವಳ ಹುಟ್ಟುಹಬ್ಬಕ್ಕೆ ಯಾರೋ ಒಂದು ಎಲೆಕ್ಟ್ರಾನಿಕ್ಸ್ ಕಿಟ್ ಕೊಟ್ಟಿದ್ದರು. ಅದರಲ್ಲಿದ್ದ ಚಿತ್ರದಂತೆ ತಂತಿಗಳನ್ನು ಸಿಕ್ಕಿಸಿದರೆ ದೀಪ ಹೊತ್ತುತ್ತಿತ್ತು, ಬಜರ್ ಕೂಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಪೊಟ್ಟಣದಲ್ಲಿ ಬಿಡಿಬಿಡಿಯಾಗಿ ಬಂದ ರೆಸಿಸ್ಟರಿಗೆ, ಎಂದರೆ ಕರೆಂಟಿಗೆ ತಡೆಯೊಡ್ಡುವ ತುಣುಕಿಗೆ, ತಾನು ಏಕಿದ್ದೇನೆಂದು ಹೇಳಲು ಬರುವುದಿಲ್ಲ. ಹಳೆಯ ರೇಡಿಯೊದ ಬೋರ್ಡಿನಲ್ಲಿ ಕುಳಿತಿರುವ ಅದೇ ರೆಸಿಸ್ಟರನ್ನು ನೋಡಿದರೆ ಅದರ ಎಡಕ್ಕೆ ಯಾರು, ಬಲಕ್ಕೆ ಯಾರು, ಅದನ್ನು ಕಿತ್ತರೆ ಯಾವ ಕೆಲಸ ನಿಲ್ಲುತ್ತದೆ ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಒಂದು ಕಾಲದಲ್ಲಿ ಸರಿಯಾಗಿ ಕೆಲಸ ಮಾಡಿದ ವಸ್ತುವಿನಲ್ಲಿ ಯಾವ ಬಿಡಿಭಾಗವೂ ಸುಮ್ಮನೆ ಕುಳಿತಿರುವುದಿಲ್ಲ. ಹಾಗಾಗಿ ನಾವಿಬ್ಬರೂ ಮಾಡಿಕೊಂಡ ಮೊದಲ ಕಟ್ಟಳೆಯೆಂದರೆ, ಯಾವುದನ್ನೇ ಕೀಳುವ ಮೊದಲು ಅದು ಇದ್ದ ಜಾಗದ ಫೋಟೊ ತೆಗೆದು, ನೋಟ್‌ಬುಕ್ಕಿನಲ್ಲಿ ಅದರ ಅಕ್ಕಪಕ್ಕದವರ ಹೆಸರು ಬರೆದುಕೊಳ್ಳುವುದು.

ಎರಡನೆಯ ಕಟ್ಟಳೆ ನನ್ನ ಸ್ವಂತ ಪೆಟ್ಟಿನಿಂದ ಬಂದದ್ದು. ಹಿಂದಿನ ವರ್ಷ ಆ ಡಿವಿಡಿ ಪ್ಲೇಯರನ್ನು ನಾನೊಬ್ಬನೇ ಬಿಚ್ಚಿದ್ದೆ. ಪ್ಲಗ್ ಕಿತ್ತು ಹತ್ತು ನಿಮಿಷವಾಗಿದೆ, ಇನ್ನೇನು ಭಯ ಎಂದುಕೊಂಡು ಪವರ್ ಸಪ್ಲೈ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿದಾಗ ಹೆಬ್ಬೆರಳಿಗೆ ಹೊಡೆದ ಹೊಡೆತಕ್ಕೆ ಬೋರ್ಡು ಗೋಡೆಗೆ ಹೋಗಿ ಬಡಿಯಿತು. ನಮ್ಮ ಮನೆಗೆ ಬರುವ 230 ವೋಲ್ಟ್ ಎಸಿಯನ್ನು (ದಿಕ್ಕು ಬದಲಿಸುತ್ತ ಹರಿಯುವ ಕರೆಂಟನ್ನು) ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡಿದಾಗ ಅದರ ತುದಿಮಟ್ಟ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ದಪ್ಪ ಕೆಪಾಸಿಟರು, ನಮ್ಮೂರಿನ ಹಳೆಯ ರಿಪೇರಿಯವರು ಕಂಡೆನ್ಸರ್ ಎನ್ನುವುದು, ಪ್ಲಗ್ ತೆಗೆದ ಕೂಡಲೇ ಖಾಲಿಯಾಗಬೇಕೆಂದೇನೂ ಇಲ್ಲ. ಇಲ್ಲಿ ನನಗೆ ಆಮೇಲೆ ಹೊಳೆದ ಸೂಕ್ಷ್ಮವೊಂದಿದೆ. ಸರಿಯಿರುವ ಸಪ್ಲೈಯಲ್ಲಿ ಆ ಚಾರ್ಜನ್ನು ಮುಂದಿನ ಸರ್ಕ್ಯೂಟು ಕೆಲವೇ ಕ್ಷಣಗಳಲ್ಲಿ ಕುಡಿದು ಮುಗಿಸುತ್ತದೆ. ಕೆಟ್ಟ ಸಪ್ಲೈಯಲ್ಲಿ ಕುಡಿಯುವವರೇ ಇಲ್ಲದಿರುವುದರಿಂದ ಅದು ಹಾಗೆಯೇ ಕಾಯುತ್ತ ಕುಳಿತಿರುತ್ತದೆ. ‘ಹೇಗೂ ಕೆಟ್ಟಿದೆಯಲ್ಲ, ಇದರಿಂದ ಏನಾಗುತ್ತದೆ’ ಎಂಬ ಸಮಾಧಾನ ತಲೆಕೆಳಗಾದದ್ದು. ಕೆಟ್ಟದ್ದೇ ಹೆಚ್ಚು ಅಪಾಯ.

ಅಂದಿನಿಂದ ಸೆಲ್ಲಿನಲ್ಲಿ ನಡೆಯುವುದನ್ನು ಮಾತ್ರ ಧಾರಾಳವಾಗಿ ಬಿಚ್ಚುತ್ತೇನೆ. ಗೋಡೆಯ ಪ್ಲಗ್ಗಿನಿಂದ ನಡೆಯುವ ವಸ್ತುಗಳಲ್ಲಿ ಪವರ್ ಸಪ್ಲೈಯ ಹತ್ತಿರ ಹೋಗದೆ, ತಂತಿಯಿಂದ ಜೋಡಿಸಿದ ಬೇರೆ ಬೋರ್ಡುಗಳನ್ನೂ ಮೋಟಾರುಗಳನ್ನೂ ಮಾತ್ರ ಬಿಡಿಸಿಕೊಳ್ಳುತ್ತೇನೆ, ಅದೂ ಪ್ಲಗ್ ತೆಗೆದು ಎಷ್ಟೋ ದಿನ ಅಟ್ಟದಲ್ಲಿ ಬಿದ್ದಿದ್ದವುಗಳಿಂದ. ಮೈಕ್ರೋವೇವ್ ಓವನ್, ದಪ್ಪ ಗಾಜಿನ ಕೊಳವೆಯ ಹಳೆಯ ಟಿವಿ, ಇನ್ವರ್ಟರ್, ಊದಿಕೊಂಡ ಫೋನ್ ಬ್ಯಾಟರಿ ಇವುಗಳನ್ನು ಹೊಸಬರು ಮುಟ್ಟಲೇಬಾರದು. ಓವನ್ನಿನೊಳಗಿನ ಕೆಪಾಸಿಟರ್ ಸಾವಿರಾರು ವೋಲ್ಟಿನದು, ಬಣ್ಣದ ಟಿವಿಯ ಕೊಳವೆಗೆ ಹೋಗುವುದು 20 ಸಾವಿರ ವೋಲ್ಟಿಗೂ ಮೇಲೆ. ಎಲ್‌ಇಡಿ ಬಲ್ಬಿನ ಮುಚ್ಚಳ ಸುಲಭವಾಗಿ ಕಳಚುತ್ತದೆಂದು ಅದನ್ನು ಮಕ್ಕಳ ಆಟವೆಂದುಕೊಳ್ಳುವವರಿದ್ದಾರೆ. ಅಗ್ಗದ ಬಲ್ಬುಗಳಲ್ಲಿ ಒಳಗಿನ ಎಲ್‌ಇಡಿಗಳಿಗೂ ಗೋಡೆಯ ಕರೆಂಟಿಗೂ ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಉರಿಯುತ್ತಿರುವಾಗ ಆ ಎಲ್‌ಇಡಿಗಳನ್ನು ಮುಟ್ಟುವುದೂ ಲೈನ್ ತಂತಿಯನ್ನು ಮುಟ್ಟುವುದೂ ಒಂದೇ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. 25 ವ್ಯಾಟಿನ ಸೋಲ್ಡರಿಂಗ್ ಐರನ್, ಬೆಸುಗೆ ತಂತಿ, ಕರಗಿದ ಬೆಸುಗೆಯನ್ನು ಎಳೆದುಕೊಳ್ಳುವ ಪಂಪು, ವೋಲ್ಟನ್ನೂ ತಡೆಯನ್ನೂ ಅಳೆಯುವ ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರು, ಮುಳ್ಳು ತೆಗೆಯುವ ಚಿಮುಟ. ಬೆಸುಗೆ ಹಾಕುವಾಗ ಹೊಗೆ ಏಳುವುದರಿಂದ ಕಿಟಕಿ ತೆರೆದಿಟ್ಟುಕೊಂಡು ಕೂರಬೇಕು, ಬೆಸುಗೆಯಲ್ಲಿ ಸೀಸವಿರುವುದರಿಂದ ಎದ್ದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ವಿದ್ಯುತ್ತಿಗೆ ಹೊಸದೇನನ್ನೂ ಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿದ್ದ ಫೋನ್ ಚಾರ್ಜರನ್ನು ಬಿಚ್ಚದೆ ಹಾಗೆಯೇ ಇಟ್ಟುಕೊಂಡು, ಒಂದು ಹಳೆಯ ಯುಎಸ್‌ಬಿ ಕೇಬಲ್ಲಿನ ತುದಿ ಕತ್ತರಿಸಿದರೆ ಕೆಂಪು ಮತ್ತು ಕಪ್ಪು ತಂತಿಗಳ ನಡುವೆ 5 ವೋಲ್ಟ್ ಸಿಗುತ್ತದೆ. ತಂತಿಯ ಬಣ್ಣವನ್ನೇ ನಂಬದೆ ಮೀಟರಿನಿಂದ ನೋಡಿಕೊಳ್ಳುವುದು ಒಳ್ಳೆಯದು, ನಮ್ಮದರಲ್ಲಿ 5.08 ಬಂತು.

ಮೊದಲ ದಿನ ಮುಟ್ಟಿದ್ದು ಚಿಕ್ಕ ರೇಡಿಯೊದ ಸ್ಪೀಕರನ್ನು. ಅದರ ಬೆನ್ನಿನ ಮೇಲೆ 8 ಓಮ್ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಂದು ಅಚ್ಚಾಗಿತ್ತು, ಮೀಟರು ತೋರಿಸಿದ್ದು 7.3. ‘ಮಾವ, ಕಂಪನಿಯವರು ಮೋಸ ಮಾಡಿದ್ದಾರಾ?’ ಎಂದಳು. ಮೋಸವಲ್ಲ. ಮೀಟರು ಅಳೆಯುವುದು ಒಂದೇ ದಿಕ್ಕಿಗೆ ಸಮನಾಗಿ ಹರಿಯುವ ಕರೆಂಟಿಗೆ ಸುರುಳಿಯ ತಂತಿ ಒಡ್ಡುವ ತಡೆಯನ್ನು. ಅಚ್ಚಾಗಿರುವುದು ಹಾಡಿನಂತೆ ಏರಿಳಿಯುವ ಕರೆಂಟಿಗೆ ಇಡೀ ಸ್ಪೀಕರು ಒಡ್ಡುವ ತಡೆಯನ್ನು. ಬರಿ ಸೆಲ್ಲನ್ನು ಎರಡು ತಂತಿಗೆ ಒಂದು ಕ್ಷಣ ತಾಗಿಸಿದಾಗ ಕಾಗದದ ಶಂಕು ಮುಂದಕ್ಕೆ ಜಿಗಿದು ‘ಟಪ್’ ಎಂದಿತು. ಸೆಲ್ಲನ್ನು ತಿರುಗಿಸಿ ತಾಗಿಸಿದಾಗ ಹಿಂದಕ್ಕೆ ಸರಿಯಿತು. ಆಮೇಲೆ ಸೆಲ್ಲನ್ನು ಪಕ್ಕಕ್ಕಿಟ್ಟು, ಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ, ತಂತಿಗಳಿಗೆ ಜೋಡಿಸಿ, ಶಂಕನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆವು. ಒತ್ತಿದಾಗ ಅಂಕಿ ಒಂದು ಕಡೆಗೆ ಹಾರಿ, ಬಿಟ್ಟಾಗ ಮೈನಸ್ ಚಿಹ್ನೆಯೊಂದಿಗೆ ಇನ್ನೊಂದು ಕಡೆಗೆ ಹಾರಿತು. ವಿದ್ಯುತ್ತು ಕೊಟ್ಟರೆ ಅಲುಗುವ ವಸ್ತುವನ್ನು ಅಲುಗಿಸಿದರೆ ವಿದ್ಯುತ್ತು ಬರುತ್ತದೆ ಎಂಬುದು ಅವಳ ಪಠ್ಯಪುಸ್ತಕದಲ್ಲಿ ಎರಡು ಪ್ರತ್ಯೇಕ ಪಾಠಗಳಾಗಿತ್ತು. ಬೆರಳ ತುದಿಯಲ್ಲಿ ಅದು ಒಂದೇ ಪಾಠವಾಯಿತು. ಸ್ಪೀಕರು ಮೈಕ್ ಆಗಿಯೂ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಎರಡನೆಯ ದಿನ ಡಿವಿಡಿ ಪ್ಲೇಯರಿನ ಮುಂಭಾಗದ ಪುಟ್ಟ ಬೋರ್ಡನ್ನು ತೆಗೆದೆವು. ರಿಮೋಟಿನ ಸಂಕೇತವನ್ನು ಹಿಡಿಯುವ, ಮೂರು ಕಾಲಿನ, ಕಪ್ಪು ಗುಳ್ಳೆಯಂಥ ರಿಸೀವರ್ ಇರುವುದು ಅದರಲ್ಲಿಯೇ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮೊದಲು ಫೋನಿನಲ್ಲಿ ನೋಡಿದೆವು: ರಿಮೋಟಿನ ತುದಿಯನ್ನು ಸೆಲ್ಫಿ ಕ್ಯಾಮೆರಾದ ಕಡೆಗೆ ತಿರುಗಿಸಿ ಗುಂಡಿ ಒತ್ತಿದರೆ ಪರದೆಯಲ್ಲಿ ನೇರಳೆ ಚುಕ್ಕೆ ಮಿಣುಕುತ್ತದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಗಾಜು ಹೆಚ್ಚು ಬಿಗಿಯಾಗಿರುವುದರಿಂದ ಎಷ್ಟೋ ಫೋನುಗಳಲ್ಲಿ ಅದು ಕಾಣುವುದೇ ಇಲ್ಲ. ಮೂರು ರಿಮೋಟುಗಳಲ್ಲಿ ಎರಡು ಬದುಕಿದ್ದವು.

ಈಗ ರಿಸೀವರಿನ ಮೂರು ಕಾಲುಗಳಲ್ಲಿ ಯಾವುದು ಯಾವುದು? ಬೇರೆ ಬೇರೆ ತಯಾರಿಕೆಗಳಲ್ಲಿ ಈ ಕ್ರಮ ಬೇರೆ ಬೇರೆ ಇರುತ್ತದೆ, ತಪ್ಪಾಗಿ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಇಲ್ಲಿ ನಮ್ಮ ಮೊದಲ ಕಟ್ಟಳೆ ಕೈಹಿಡಿಯಿತು. ಬೋರ್ಡನ್ನು ಮಗುಚಿ ಬೆಳಕಿಗೆ ಹಿಡಿದಾಗ, ಒಂದು ಕಾಲು ಅಗಲವಾದ ತಾಮ್ರದ ಹರವಿಗೆ ಸೇರಿದ್ದು ಕಂಡಿತು. ಪಕ್ಕದ ಕೆಪಾಸಿಟರಿನ ಬಿಳಿ ಪಟ್ಟಿಯ ಕಡೆಯೂ, ಎಂದರೆ ಮೈನಸ್ ಕಡೆಯೂ, ಅದೇ ಹರವಿಗೆ ಸೇರಿತ್ತು. ಹಾಗಾದರೆ ಅದು ನೆಲ, ಗ್ರೌಂಡ್. ಅದೇ ಕೆಪಾಸಿಟರಿನ ಇನ್ನೊಂದು ತುದಿ ಎರಡನೆಯ ಕಾಲಿಗೆ ಹೋಗಿತ್ತು, ಅದು ಪ್ಲಸ್. ಉಳಿದದ್ದು ಒಂದೇ, ಅದು ಸಂಕೇತ ಹೊರಬರುವ ಕಾಲು. ಹುಡುಗಿ ಇದನ್ನು ಕಳ್ಳನನ್ನು ಹಿಡಿದಂತೆ ಕೂಗಿ ಹೇಳಿದಳು. ಯಾವ ಪುಸ್ತಕವನ್ನೂ ನೋಡಿರಲಿಲ್ಲ.

ರಿಸೀವರನ್ನು ಕಿತ್ತು, ಚಾರ್ಜರಿನ 5 ವೋಲ್ಟ್ ಕೊಟ್ಟು, ಪ್ಲಸ್ಸಿನಿಂದ ಒಂದು ಕೆಂಪು ಎಲ್‌ಇಡಿ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಸಂಕೇತದ ಕಾಲಿಗೆ ತಂತಿ ಎಳೆದೆವು. ಸುಮ್ಮನಿರುವಾಗ ಆ ಕಾಲು ಪ್ಲಸ್ಸಿನ ಮಟ್ಟದಲ್ಲಿಯೇ ಇರುವುದರಿಂದ ದೀಪ ಹೊತ್ತುವುದಿಲ್ಲ; ರಿಮೋಟಿನ ಸಂಕೇತ ಬಿದ್ದಾಗ ಅದು ಕೆಳಕ್ಕೆ ಇಳಿಯುತ್ತದೆ, ಎಲ್‌ಇಡಿ ಮಿಣುಕುತ್ತದೆ. ರಿಮೋಟ್ ಒತ್ತಿದಾಗ ಮಿಣುಕಿತು, ಸರಿ. ಆದರೆ ಒತ್ತದೆ ಇದ್ದಾಗಲೂ ತನ್ನಷ್ಟಕ್ಕೆ ಆಗೊಮ್ಮೆ ಈಗೊಮ್ಮೆ ಮಿಣುಕುತ್ತಿತ್ತು. ಬೆಸುಗೆ ಸಡಿಲವೆಂದು ಮತ್ತೆ ಹಾಕಿದೆ, ಟ್ಯೂಬ್‌ಲೈಟ್ ಆರಿಸಿದೆ, ಚಾರ್ಜರ್ ಬದಲಾಯಿಸಿದೆ. ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಅವಳು ನೋಟ್‌ಬುಕ್ ತೆರೆದು, ‘ಇದರ ಪಕ್ಕದಲ್ಲಿ ಒಂದು ಕೆಪಾಸಿಟರ್ ಇತ್ತಲ್ಲ, ಅದನ್ನು ನಾವು ಬೋರ್ಡಿನಲ್ಲಿಯೇ ಬಿಟ್ಟಿದ್ದೇವೆ’ ಎಂದಳು. ಅದನ್ನು ಕಿತ್ತು ನೋಡಿದರೆ 47 ಮೈಕ್ರೋಫ್ಯಾರಡ್. ಗ್ರೌಂಡಿಗೂ ಪ್ಲಸ್ಸಿಗೂ ನಡುವೆ, ರಿಸೀವರಿನ ಕಾಲಿಗೆ ಹತ್ತಿರವಾಗಿ ಅದನ್ನು ಬೆಸೆದ ಮೇಲೆ ಆ ಹುಚ್ಚು ಮಿಣುಕು ನಿಂತೇಹೋಯಿತು. ಚಾರ್ಜರಿನಿಂದ ಬರುವ ವಿದ್ಯುತ್ತು ಮೀಟರಿಗೆ ಸಮವಾಗಿ ಕಂಡರೂ ಅದರ ಮೇಲೆ ಸಣ್ಣ ನಡುಕವಿರುತ್ತದೆ. ಅತಿ ಮಂದ ಬೆಳಕನ್ನೂ ಹಿಡಿಯುವಷ್ಟು ಸೂಕ್ಷ್ಮವಾದ ರಿಸೀವರಿಗೆ ಆ ನಡುಕವೇ ಸಂಕೇತದಂತೆ ತೋರುತ್ತದೆ. ಕೆಪಾಸಿಟರು ನೀರಿನ ತೊಟ್ಟಿಯಂತೆ ನಡುವೆ ನಿಂತು ಅದನ್ನು ತಣಿಸುತ್ತದೆ. ಇದನ್ನು ನಾನು ಎಷ್ಟು ಸಲ ಓದಿದ್ದರೂ ನನಗೆ ಅರ್ಥವಾದದ್ದು ಆ ದಿನ.

ರಿಸೀವರು ಬಿಸಿಲನ್ನೂ ಬಲ್ಬಿನ ಬೆಳಕನ್ನೂ ಲೆಕ್ಕಕ್ಕಿಡದೆ ರಿಮೋಟಿಗೆ ಮಾತ್ರ ಓಗೊಡುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಬಂತು. ರಿಮೋಟು ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಆರಿಸಿ ಹೊತ್ತಿಸುತ್ತಿರುತ್ತದೆ; ರಿಸೀವರು ಆ ಲಯದಲ್ಲಿ ಮಿಡಿಯುವ ಬೆಳಕಿಗಷ್ಟೇ ಕಿವಿಗೊಡುತ್ತದೆ. ಈ 38 ಎಲ್ಲಿಂದ ಬಂತೆಂದು ಹುಡುಕುತ್ತ ಸತ್ತುಹೋಗಿದ್ದ ಮೂರನೆಯ ರಿಮೋಟನ್ನು ಬಿಚ್ಚಿದಾಗ ಒಳಗೆ ಒಂದು ಎಲೆಕ್ಟ್ರಾನಿಕ್ ಚಿಪ್, ಕಪ್ಪು ಬಣ್ಣ ಬಳಿದ ಗುಂಡಿಗಳ ಹಾಳೆ, ಮತ್ತು ಎರಡು ಕಾಲಿನ ಒಂದು ಚೌಕ ತುಣುಕು ಇತ್ತು. ಚೌಕ ತುಣುಕಿನ ಮೇಲೆ 455 ಎಂದು ಬರೆದಿತ್ತು. ಅದು ಸಿರಾಮಿಕ್ ರೆಸೊನೇಟರ್, ಸೆಕೆಂಡಿಗೆ 455 ಸಾವಿರ ಸಲ ಕಂಪಿಸುವ ಪಿಂಗಾಣಿಯ ಚೂರು. 455ನ್ನು 12ರಿಂದ ಭಾಗಿಸಿದರೆ 37.9. ರಿಮೋಟಿನ ಲಯ ಅಲ್ಲಿಂದ ಬಂದದ್ದು.

ಆದರೆ 455ರಂಥ ಬಿಡಿ ಸಂಖ್ಯೆಯೇ ಏಕೆ? ಇದಕ್ಕೆ ಉತ್ತರ ಅಪ್ಪನ ರೇಡಿಯೊದಲ್ಲಿತ್ತು, ಮತ್ತು ನನ್ನ ಮಟ್ಟಿಗೆ ಆ ರಜೆಯ ಅತ್ಯಂತ ಸಂತೋಷದ ಗಂಟೆ ಅದೇ. ಮಧ್ಯಮ ತರಂಗದ ರೇಡಿಯೊ ಯಾವ ಕೇಂದ್ರವನ್ನು ಹಿಡಿದರೂ ಅದರ ಸಂಕೇತವನ್ನು ಮೊದಲು ಒಂದೇ ನಿಶ್ಚಿತ ಆವರ್ತಕ್ಕೆ ಇಳಿಸಿಕೊಳ್ಳುತ್ತದೆ, ವರ್ಧಿಸುವ ಕೆಲಸವನ್ನೆಲ್ಲ ಅಲ್ಲಿಯೇ ಮಾಡುತ್ತದೆ. ಹೆಚ್ಚಿನ ಸೆಟ್ಟುಗಳಲ್ಲಿ ಆ ನಿಶ್ಚಿತ ಆವರ್ತ 455 ಕಿಲೋಹರ್ಟ್ಸ್, ಎಂದರೆ ಸೆಕೆಂಡಿಗೆ 455 ಸಾವಿರ ಕಂಪನ. ಜಗತ್ತಿನಾದ್ಯಂತ ಕೋಟಿಗಟ್ಟಲೆ ರೇಡಿಯೊಗಳಿಗಾಗಿ ಈ ಸಂಖ್ಯೆಯ ಬಿಡಿಭಾಗಗಳು ತಯಾರಾಗಿ ಅಗ್ಗವಾಗಿದ್ದುದರಿಂದ ರಿಮೋಟು ಮಾಡುವವರಿಗೂ ಅದೇ ಅನುಕೂಲವಾಯಿತು. ಬದುಕಿದ್ದ ರಿಮೋಟೊಂದನ್ನು ರೇಡಿಯೊದ ಬೆನ್ನಿಗೆ ತಾಗಿಸಿ, ಮುಳ್ಳನ್ನು 910ರ ಸುತ್ತಮುತ್ತ, ಎಂದರೆ 455ರ ಇಮ್ಮಡಿಯ ಹತ್ತಿರ ಇಟ್ಟು ಗುಂಡಿ ಒತ್ತಿದಾಗ ಸ್ಪೀಕರಿನಲ್ಲಿ ಗರಗರ ಸದ್ದು ಬಂತು. ಕ್ಯಾಮೆರಾ ಇಲ್ಲದವರು ರಿಮೋಟ್ ಪರೀಕ್ಷೆ ಮಾಡಲು ಇದೂ ಒಂದು ದಾರಿ.

ಎರಡು ರೇಡಿಯೊ ಇದ್ದವರಿಗೆ ಇನ್ನೂ ಸೊಗಸಾದ ಪ್ರಯೋಗವೊಂದಿದೆ, ಅದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ನಮ್ಮ ಕಡೆ ಹಿಂದಿನಿಂದಲೂ ಕೇಳುವುದು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್. ಅದನ್ನು 455ಕ್ಕೆ ಇಳಿಸಲು ರೇಡಿಯೊ ತನ್ನೊಳಗೆ 765ಕ್ಕಿಂತ 455 ಹೆಚ್ಚಿನ, ಎಂದರೆ 1220 ಕಿಲೋಹರ್ಟ್ಸಿನ ತರಂಗವೊಂದನ್ನು ತಾನೇ ಉತ್ಪಾದಿಸಬೇಕು. ಹಾಗಾದರೆ ಆ ತರಂಗ ಸ್ವಲ್ಪವಾದರೂ ಹೊರಗೆ ಸೋರಲೇಬೇಕಲ್ಲ? ದೊಡ್ಡ ರೇಡಿಯೊವನ್ನು ಧಾರವಾಡಕ್ಕೆ ಇಟ್ಟು ಧ್ವನಿ ತಗ್ಗಿಸಿ, ಚಿಕ್ಕದನ್ನು ಅದಕ್ಕೆ ಒರಗಿಸಿ, ಚಿಕ್ಕದರ ಮುಳ್ಳನ್ನು 1220ರ ಆಸುಪಾಸಿನಲ್ಲಿ ಕೂದಲೆಳೆಯಷ್ಟು ಸರಿಸುತ್ತ ಹೋದೆವು. ಸುರಿಯುವ ಮಳೆಯಂತಿದ್ದ ಗೊರಗೊರ ಸದ್ದು ಒಂದು ಜಾಗದಲ್ಲಿ ತಟ್ಟನೆ ತಗ್ಗಿತು, ಬಾಗಿಲು ಹಾಕಿದಂತೆ. ದೊಡ್ಡ ರೇಡಿಯೊವನ್ನು ಆರಿಸಿದರೆ ಗೊರಗೊರ ಮರಳಿತು, ಹಚ್ಚಿದರೆ ಅಡಗಿತು. ರಾತ್ರಿ ದೂರದ ಕೇಂದ್ರಗಳು ಬರಲಾರಂಭಿಸಿದ ಮೇಲೆ ಅದೇ ಜಾಗದ ಸಮೀಪ ಸಿಳ್ಳೆ ಕೇಳಿಸಿತು, ದೊಡ್ಡದರ ಮುಳ್ಳನ್ನು ಅಲುಗಿಸಿದಂತೆ ಚಿಕ್ಕದರ ಸಿಳ್ಳೆ ಏರಿ ಇಳಿಯಿತು. ಕೇಳುವುದಕ್ಕೆಂದು ಮಾಡಿದ ಪೆಟ್ಟಿಗೆ ತಾನೂ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿರುತ್ತದೆ ಎಂಬುದನ್ನು ಕಂಡ ಮೇಲೆ, ವಿಮಾನ ಹಾರುವಾಗ ರೇಡಿಯೊ ಹಚ್ಚಬಾರದೆನ್ನುತ್ತಿದ್ದ ಹಳೆಯ ನಿಯಮ ನನಗೆ ಅರ್ಥವಾಯಿತು.

ರೆಸಿಸ್ಟರುಗಳ ಬಣ್ಣದ ಪಟ್ಟಿಗಳ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ನೆನಪಿಡಲು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಲಿಸುತ್ತಾರೆ, ನನಗೆ ಅದು ಎಂದೂ ಬಾಯಿಪಾಠವಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡದಲ್ಲಿಯೇ ಬರೆದು ನೋಡಿದರೆ ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ ಎಂದಾಯಿತು. ನಾಲ್ಕು ‘ಕ’, ಎರಡು ‘ಹ’, ಎರಡು ‘ನ’, ಎರಡು ‘ಬ’! ಯಾರೋ ನಮಗಾಗಿಯೇ ಜೋಡಿಸಿಟ್ಟಂತಿದೆ. ಹಳದಿ, ನೇರಳೆ, ಕಂದು ಎಂದರೆ ನಾಲ್ಕು, ಏಳು, ಒಂದು ಸೊನ್ನೆ, 470 ಓಮ್. 9 ವೋಲ್ಟಿನ ಬ್ಯಾಟರಿಯಿಂದ ಕೆಂಪು ಎಲ್‌ಇಡಿ ಹೊತ್ತಿಸಲು ಇದು ಹೇಳಿಮಾಡಿಸಿದ್ದು. ಎಲ್‌ಇಡಿ ತನಗೆಂದು ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿದರೆ 15 ಮಿಲಿ ಆಂಪಿಯರ್. ರೆಸಿಸ್ಟರ್ ಇಲ್ಲದೆ ನೇರವಾಗಿ ತಾಗಿಸಿದರೆ ಏನಾಗುತ್ತದೆಂದು ಅವಳು ಕೇಳದೆಯೇ ಮಾಡಿ ನೋಡಿದಳು. ಒಂದು ಕ್ಷಣ ಕಿತ್ತಳೆ ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ಗದರಲಿಲ್ಲ, ಡಿವಿಡಿ ಪ್ಲೇಯರಿನಲ್ಲಿ ಇನ್ನೆರಡು ಇದ್ದವು.

ಚಿಕ್ಕ ರೇಡಿಯೊದಿಂದ ತೆಗೆದ ಎರಡು ಸಿಲಿಕಾನ್ ಟ್ರಾನ್ಸಿಸ್ಟರುಗಳಿಂದ ಬೆರಳು ಮುಟ್ಟಿದರೆ ಹೊತ್ತುವ ದೀಪ ಮಾಡಿದೆವು. ಒಂದೇ ಟ್ರಾನ್ಸಿಸ್ಟರಿದ್ದಾಗ ಬ್ಯಾಟರಿಯ ಪ್ಲಸ್ಸಿಗೂ ಬೇಸ್ ಕಾಲಿಗೂ (ಸಣ್ಣ ಕರೆಂಟು ಒಳಹೋಗುವ ಕಾಲು) ನಡುವೆ ಒಣ ಬೆರಳಿಟ್ಟರೆ ಎಲ್‌ಇಡಿ ಹೊತ್ತಿದೆಯೋ ಇಲ್ಲವೋ ಎಂದು ಕೈಯಿಂದ ಮರೆಮಾಡಿ ನೋಡಬೇಕಿತ್ತು. ಬೆರಳು ಒದ್ದೆ ಮಾಡಿಕೊಂಡರೆ ಸ್ವಲ್ಪ ಪರವಾಗಿಲ್ಲ. ಮೊದಲನೆಯದರ ಎಮಿಟರನ್ನು (ಹೆಚ್ಚಿದ ಕರೆಂಟು ಹೊರಬರುವ ಕಾಲು) ಎರಡನೆಯದರ ಬೇಸಿಗೆ ಕೊಟ್ಟ ಮೇಲೆ ಒಣ ಬೆರಳಿಗೂ ಭರ್ತಿ ಬೆಳಗಿತು, ಏಕೆಂದರೆ ಒಂದು ನೂರು ಪಟ್ಟು ಹೆಚ್ಚಿಸಿದ್ದನ್ನು ಇನ್ನೊಂದು ಮತ್ತೆ ನೂರು ಪಟ್ಟು ಹೆಚ್ಚಿಸುತ್ತದೆ. ದೊಡ್ಡ ರೇಡಿಯೊದ ಟ್ರಾನ್ಸಿಸ್ಟರುಗಳನ್ನು ಕೀಳಲು ನನಗೆ ಮನಸ್ಸಾಗಲಿಲ್ಲ. ಉದ್ದನೆಯ ಲೋಹದ ಟೋಪಿ ಹಾಕಿಕೊಂಡ ಅವುಗಳಲ್ಲಿ ಒಂದರ ಮೇಲೆ ಬಿಇಎಲ್ ಎಂದಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ನೆಲೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸಲಾರಂಭಿಸಿತು. ಮೀಟರನ್ನು ಡಯೋಡ್ ಗುರುತಿಗೆ (ಕರೆಂಟು ದಾಟಲು ಎಷ್ಟು ವೋಲ್ಟ್ ಬೇಕೆಂದು ತೋರಿಸುವ ಗುರುತು) ತಿರುಗಿಸಿ ಅಳೆದಾಗ ಚಿಕ್ಕ ರೇಡಿಯೊದ್ದು 0.65 ವೋಲ್ಟಿನ ಹತ್ತಿರ ಬಂದರೆ ಇದು 0.2ರ ಆಸುಪಾಸಿನಲ್ಲಿ ನಿಂತಿತು. ಒಳಗಿರುವುದು ಸಿಲಿಕಾನೋ ಜರ್ಮೇನಿಯಮ್ಮೋ ಎಂಬುದನ್ನು ಹೀಗೆ ಒಡೆಯದೆ ಹೇಳಬಹುದು.

ಪ್ರಿಂಟರಿನಲ್ಲಿ ನನಗೆ ಬೇಕಾಗಿದ್ದುದು ಕಾಗದ ಎಳೆಯುವ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು. ನಾಲ್ಕು ತಂತಿಗಳಲ್ಲಿ ಯಾವ ಎರಡು ಒಂದೇ ಸುರುಳಿಯವು ಎಂಬುದನ್ನು ಮೀಟರಿನಿಂದ ಕಂಡುಹಿಡಿದು, ಆ ಜೋಡಿಗೆ ಎರಡು ಎಲ್‌ಇಡಿಗಳನ್ನು ಪರಸ್ಪರ ತಿರುವುಮುರುವಾಗಿ ಬೆಸೆದು, ಮೋಟಾರಿನ ಕಡ್ಡಿಯನ್ನು ಬೆರಳುಗಳಲ್ಲಿ ಬುಗುರಿಯಂತೆ ತಿರುಗಿಸಿದರೆ ಎರಡೂ ಸರದಿಯಂತೆ ಬೆಳಗುತ್ತವೆ. ಬ್ಯಾಟರಿಯೇ ಇಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಎಲ್‌ಇಡಿಗಳನ್ನು ತೆಗೆದು ಆ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದಾಗ ಆದದ್ದು: ಸಲೀಸಾಗಿ ತಿರುಗುತ್ತಿದ್ದ ಕಡ್ಡಿ ಒಮ್ಮೆಲೇ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡಂತೆ ಬಿಗಿಯಾಯಿತು. ತಂತಿ ಬಿಟ್ಟರೆ ಸಡಿಲ, ತಾಗಿಸಿದರೆ ಬಿಗಿ. ತಿರುಗಿಸುವುದರಿಂದ ಹುಟ್ಟಿದ ಕರೆಂಟು ಹರಿಯಲು ದಾರಿ ಸಿಕ್ಕಿದ ಕೂಡಲೇ, ತನ್ನನ್ನು ಹುಟ್ಟಿಸಿದ ಆ ತಿರುಗಾಟವನ್ನೇ ತಡೆಯುತ್ತದೆ. ಅಣೆಕಟ್ಟಿನ ಜನರೇಟರಿನ ಮೇಲೆ ನಮ್ಮ ಮನೆಯ ಮಿಕ್ಸಿಯ ಭಾರ ಬೀಳುವುದು ಹೀಗೆಯೇ ಎಂದಾಗ ಅವಳು ನಂಬಲಿಲ್ಲ. ಐದಾರು ಸಲ ತಂತಿ ತಾಗಿಸಿ ಬಿಟ್ಟು ನೋಡಿದ ಮೇಲೆ ಏನೂ ಹೇಳದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅವಳು ಊರಿಗೆ ಹೋದ ಮೇಲೆ ನಾನೊಂದು ಎಡವಟ್ಟು ಮಾಡಿದೆ. ದೊಡ್ಡ ರೇಡಿಯೊದ ಬೋರ್ಡಿನಲ್ಲಿ ಬೆಲ್ಲದ ಅಚ್ಚಿನಂಥ ನಾಲ್ಕು ಪುಟ್ಟ ತಗಡಿನ ಡಬ್ಬಿಗಳಿವೆ, ನೆತ್ತಿಯ ಮೇಲೆ ಕೆಂಪು, ಹಳದಿ, ಬಿಳಿ, ಕಪ್ಪು ಬಣ್ಣ ಹಚ್ಚಿದ ಸ್ಕ್ರೂಗಳು. ಕೆಂಪಿನದು ಮೇಲೆ ಹೇಳಿದ ಒಳಗಿನ ತರಂಗವನ್ನು ಹುಟ್ಟಿಸುವ ಸುರುಳಿ, ಉಳಿದ ಮೂರು 455ಕ್ಕೆ ಶ್ರುತಿಗೊಳಿಸಿದವು. ‘ಇದನ್ನು ತಿರುಗಿಸಿದರೆ ಏನಾಗುತ್ತದೆ’ ಎಂಬ ಒಂದೇ ಕುತೂಹಲದಿಂದ, ಎಷ್ಟು ಸುತ್ತು ತಿರುಗಿಸಿದೆನೆಂದು ಬರೆದುಕೊಳ್ಳದೆ, ಕಬ್ಬಿಣದ ಸಣ್ಣ ಸ್ಕ್ರೂಡ್ರೈವರಿನಿಂದ ನಾಲ್ಕನ್ನೂ ತಿರುಗಿಸಿದೆ. ಧಾರವಾಡ ಪಿಸುಮಾತಿಗೆ ಇಳಿಯಿತು. ಹಿಂದಕ್ಕೆ ತಿರುಗಿಸುತ್ತ ಒಂದು ಜಾಗದಲ್ಲಿ ಧ್ವನಿ ಏರಿತೆಂದು ಸ್ಕ್ರೂಡ್ರೈವರನ್ನು ಮೇಲೆತ್ತಿದರೆ ಮತ್ತೆ ಬಿದ್ದುಹೋಗುತ್ತಿತ್ತು. ಒಂದು ಸಂಜೆಯೆಲ್ಲ ಹೀಗೆ ಒದ್ದಾಡಿ, ಮರುದಿನ ಅದನ್ನು ಪೇಟೆಯ ವಯಸ್ಸಾದ ರಿಪೇರಿಯವರೊಬ್ಬರ ಬಳಿಗೆ ಒಯ್ದೆ.

ಅವರು ಕೇಳಿದ ಮೊದಲ ಪ್ರಶ್ನೆ ‘ಯಾತರಿಂದ ತಿರುಗಿಸಿದಿರಿ?’ ಎಂಬುದು. ಹೇಳಿದೆ. ‘ಕಬ್ಬಿಣ ಒಳಗಿರುವಷ್ಟು ಹೊತ್ತು ಸುರುಳಿಗೆ ಒಂದು ಲೆಕ್ಕ, ತೆಗೆದ ಮೇಲೆ ಇನ್ನೊಂದು ಲೆಕ್ಕ’ ಎಂದು ಮೇಜಿನ ಖಾನೆಯಿಂದ ಒಂದು ಬಿದಿರಿನ ಕಡ್ಡಿ ತೆಗೆದರು. ತುದಿಯನ್ನು ಸ್ಕ್ರೂಡ್ರೈವರಿನಂತೆ ಚಪ್ಪಟೆಯಾಗಿ ಕೆತ್ತಿ, ಬಳಸಿ ಬಳಸಿ ನುಣುಪಾಗಿದ್ದ ಕಡ್ಡಿ. ಧಾರವಾಡವನ್ನು ಹಿಡಿಯುತ್ತಾರೆಂದುಕೊಂಡರೆ, ಅವರು ಮುಳ್ಳನ್ನು ಸರಿಸಿ ಕೇಳಿಯೂ ಕೇಳದಂತಿದ್ದ ಯಾವುದೋ ದೂರದ ಕೇಂದ್ರವನ್ನು ಹುಡುಕಿದರು. ಕೇಂದ್ರ ಜೋರಾಗಿದ್ದರೆ ರೇಡಿಯೊ ತನ್ನಷ್ಟಕ್ಕೆ ವರ್ಧನೆಯನ್ನು ತಗ್ಗಿಸಿಕೊಂಡು ಎಲ್ಲವನ್ನೂ ಒಂದೇ ಸಮ ಮಾಡಿಬಿಡುತ್ತದೆ, ಶ್ರುತಿ ಸರಿಯಾಯಿತೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲವಂತೆ. ಕಪ್ಪು, ಬಿಳಿ, ಹಳದಿ ಎಂದು ಹಿಂದಿನಿಂದ ಮುಂದಕ್ಕೆ ಬರುತ್ತ, ಪ್ರತಿಯೊಂದನ್ನೂ ಕೂದಲೆಳೆಯಷ್ಟು ಅತ್ತಿತ್ತ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳಿ, ಕೊನೆಗೆ ಕೆಂಪನ್ನು ತಿರುಗಿಸಿ ಧಾರವಾಡವನ್ನು ಡಯಲ್ಲಿನ ಅದರ ಜಾಗಕ್ಕೆ ತಂದು ಕೂರಿಸಿದರು. ಹತ್ತು ನಿಮಿಷವೂ ಆಗಲಿಲ್ಲ. 50 ರೂಪಾಯಿ ತೆಗೆದುಕೊಂಡು, ಆ ಕಡ್ಡಿಯನ್ನೂ ನನ್ನ ಕೈಗೇ ಕೊಟ್ಟರು; ಅವರ ಖಾನೆಯಲ್ಲಿ ಇನ್ನೂ ನಾಲ್ಕು ಇದ್ದವು.

ದೀಪಾವಳಿಗೆ ಬಂದಾಗ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ರೇಡಿಯೊದ ಹಿಂದಿನ ಮುಚ್ಚಳ ತೆಗೆದು, ನಾಲ್ಕು ಡಬ್ಬಿಗಳ ಪಕ್ಕದಲ್ಲಿ ಬಿಳಿ ಕಾಗದದ ಪಟ್ಟಿಯೊಂದನ್ನು ಅಂಟಿಸಿ, ‘ಮಾವ, ಬಿದಿರು ಮಾತ್ರ’ ಎಂದು ಬರೆದಿದ್ದಾಳೆ.